ಪಕ್ಕದ ಮನೆಯ ಹೆಪ್ಪು

"ಸತ್ತ ಹೆಪ್ಪು ಕೊಟ್ಟು ನನ್ನ ಮರ್ಯಾದೆ ತೆಗೀಬೇಕು ಅಂತಿದ್ಯಾ?"

ಕುರಿಗಳಿಗೆ ಹುಲ್ಲು ಹಾಕುತ್ತಿದ್ದ ಐವಿಂದ್ ತಿರುಗಿ ನೋಡಿದ. ಕೊಟ್ಟಿಗೆಯ ಬಾಗಿಲಲ್ಲಿ ಸುನ್ನೀವಾ! ಕೂದಲಲ್ಲಿ ಹಿಮ, ಕಣ್ಣಲ್ಲಿ ಬೆಂಕಿ. ವಾರದ ಹಿಂದೆ ಅವನು ಅವಳ ಅಮ್ಮನ ಕೈಗೆ ಕೊಟ್ಟಿದ್ದ ಹೆಪ್ಪಿನ ಪೊಟ್ಟಣ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಮೂರು ವರ್ಷಗಳ ಬಳಿಕ ಇಬ್ಬರೂ ಮಾತಾಡಿದ್ದು ಹೀಗೆ.

"ಏನಾಯ್ತು?"

"ಏನೂ ಆಗಿಲ್ಲ! ಅದೇ ಕಷ್ಟ! ನಿನ್ನೆ ಬೆಳಗ್ಗೆ ಹಾಕಿದ್ದು, ಒಂದು ಗುಳ್ಳೆ ಎದ್ದಿಲ್ಲ. ಐವತ್ತು ಲೀಟರ್ ಬಿಯರ್! ಶನಿವಾರ ನೆರೆಯವರೆಲ್ಲ ರುಚಿ ನೋಡೋಕೆ ಬರ್ತಾರೆ. ಅಪ್ಪ ಇಲ್ಲದ ಮೊದಲ ಕ್ರಿಸ್‌ಮಸ್..."

ವೋಸ್ ಕಣಿವೆಯಲ್ಲಿ ಮನೆಯಲ್ಲೇ ಕಾಸಿದ ಬಿಯರ್ ಇಲ್ಲದೆ ಕ್ರಿಸ್‌ಮಸ್ ಇಲ್ಲ. ಏಪ್ರಿಲ್‌ನಲ್ಲಿ ಅಪ್ಪ ಕ್ನೂಟ್ ತೀರಿಕೊಂಡ ಮೇಲೆ, ಬಿಯರ್ ಹುದುಗಿಸಲು ಅವರು ಒಣಗಿಸಿಟ್ಟ ಹೆಪ್ಪನ್ನು ಯಾರೂ ನೋಡಿರಲಿಲ್ಲ. ಬರ್ಗೆನ್ ನಗರದಿಂದ ಅವಳು ಮರಳಿದಾಗ ಅದಕ್ಕೆ ಬೂಷ್ಟು ಹಿಡಿದಿತ್ತು. ಹೆಪ್ಪು ಕೆಟ್ಟರೆ ಪಕ್ಕದ ಮನೆಯಲ್ಲಿ ಕೇಳುವುದು ಅಲ್ಲಿನ ರೂಢಿ. ಪಕ್ಕದ ಮನೆ ಎಂದರೆ ಐವಿಂದನದು!

'ಇವನನ್ನ ಮದುವೆ ಆಗೋಕೆ ಒಲ್ಲೆ ಅಂದಿದ್ದಕ್ಕೆ ಈ ಸೇಡಾ?' ಎಂದುಕೊಂಡಳು ಸುನ್ನೀವಾ.

"ನಡಿ, ನೋಡೋಣ," ಎಂದ ಅವನು.

"ನೋಡೋಕೇನಿದೆ? ಚರಂಡಿಗೆ ಸುರೀತೀನಿ!"

"ಆಮೇಲೆ ಸುರಿ."

ಅವಳ ಮನೆಯಲ್ಲಿ ಅವನು ಪೀಪಾಯಿಗೆ ಅಂಗೈ ಒತ್ತಿದ. ತಣ್ಣಗಿತ್ತು.

"ಎಷ್ಟು ಬಿಸಿ ಇದ್ದಾಗ ಹೆಪ್ಪು ಹಾಕಿದೆ?"

"ಇಪ್ಪತ್ತು ಡಿಗ್ರಿ. ಪುಸ್ತಕದಲ್ಲಿ ಹಾಗೇ ಇದೆ. ಹಿಮದಲ್ಲಿಟ್ಟು ತಣ್ಣಗೆ ಮಾಡೋಕೆ ನನ್ನ ಬೆರಳೆಲ್ಲ ಮರಗಟ್ಟಿತ್ತು, ಗೊತ್ತಾ?"

"ಅದು ಅಂಗಡಿ ಯೀಸ್ಟಿನ ಲೆಕ್ಕ. ನಿಮ್ಮಪ್ಪ ಇದನ್ನ ನಲವತ್ತಕ್ಕೆ ಹಾಕ್ತಿದ್ರು. ಸತ್ತಿಲ್ಲ ಮಾರಾಯ್ತಿ, ಚಳಿಗೆ ಮುದುಡಿ ಮಲಗಿದೆ."

"ನಿನ್ನ ಹೆಪ್ಪಿಗೂ ನಮ್ಮಪ್ಪನಿಗೂ ಏನು ಸಂಬಂಧ?"

ಐವಿಂದ್ ಪೀಪಾಯಿಯಿಂದ ಕೈ ತೆಗೆದ.

"ಇದು ನಿಮ್ಮಪ್ಪಂದೇ. ಒಂಬತ್ತು ವರ್ಷದ ಹಿಂದೆ ನಮ್ಮನೇದು ಹುಳಿಯಾದಾಗ ಅವರೇ ಕೊಟ್ರು. 'ನಮ್ಮದು ಕೆಟ್ಟ ದಿನ ನೀನು ವಾಪಸ್ ಕೊಡು' ಅಂದಿದ್ರು."

ಸುನ್ನೀವಾಳ ಕೈಯಿಂದ ಪೊಟ್ಟಣ ಜಾರಿತು. ಅಪ್ಪನದು... ಬದುಕಿದೆ! ಆದರೂ ಸಿಟ್ಟು ಇಳಿಯಲಿಲ್ಲ.

"ಇಷ್ಟನ್ನ ಮೊದಲೇ ಬಂದು ಹೇಳೋಕೇನಾಗಿತ್ತು ನಿಂಗೆ?"

ಈಗ ಅವನೂ ಕೆರಳಿದ. "ಜನ್ಮದಲ್ಲಿ ನನ್ನ ಹತ್ರ ಮಾತಾಡಬೇಡ ಅಂದಿದ್ದು ಯಾರು? ನಾನಾ?"

ಅವಳು ಒಲೆಯ ಮೇಲೆ ನೀರಿಟ್ಟಳು.

ಹಾಲಿನ ಕ್ಯಾನನ್ನು ತೊಳೆದು, ಕುದಿಯುವ ನೀರು ತುಂಬಿ, ಮುಚ್ಚಳ ಬಿಗಿದು ಪೀಪಾಯಿಯೊಳಗೆ ಇಳಿಸಿದರು. ಎರಡು ಸಲ ನೀರು ಬದಲಿಸಿದರು. ಮೂವತ್ತೆಂಟು ಡಿಗ್ರಿ ಮುಟ್ಟಿದಾಗ ಪೀಪಾಯಿಗೆ ಉಣ್ಣೆ ಕಂಬಳಿ ಸುತ್ತಿದರು.

"ಹೆಪ್ಪು ಹಾಕುವಾಗ ಕೂಗಿದ್ಯಾ?" ಎಂದು ಕೇಳಿದ. ಕೂಗಿದರೇ ಹೆಪ್ಪು ಏಳುತ್ತದೆಂಬುದು ಹಿರಿಯರ ನಂಬಿಕೆ.

"ಇಲ್ಲ... ನಾಚಿಕೆ ಆಯ್ತು."

"ಪೀಪಾಯಿ ಮೇಲೆ ಕೂಗೋಕೆ ನಾಚಿಕೆ. ನನ್ನ ಮೇಲೆ ಕೂಗೋಕೆ ಇಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಪೀಪಾಯಿಯೊಳಗೆ ಬಗ್ಗಿ ಗಂಟಲು ಹರಿಯುವಂತೆ ಕೂಗಿದರು. ಅಮ್ಮ ಗಾಬರಿಯಿಂದ ಬಾಗಿಲು ತೆರೆದು ನೋಡಿ, ಸದ್ದಿಲ್ಲದೆ ಮುಚ್ಚಿಕೊಂಡರು.

ಸಂಜೆಗೆ ಕಂಬಳಿ ಸರಿಸಿದಾಗ ನೊರೆ ಬೆಟ್ಟದಂತೆ ಎದ್ದಿತ್ತು. ಕಿತ್ತಳೆ ಹಣ್ಣಿನ ಪರಿಮಳ... ಅಪ್ಪನ ಪ್ರತಿ ಕ್ರಿಸ್‌ಮಸ್ಸಿನ ಪರಿಮಳ! ಅವಳು ಕಣ್ಣೊರೆಸಿಕೊಂಡಳು.

"ವರ್ಷಕ್ಕೆರಡು ಸಲ ಕಾಸಿದೀನಿ," ಎಂದ ಐವಿಂದ್ ಮೆಲ್ಲಗೆ. "ಕುಡಿಯೋಕಲ್ಲ, ಹೆಪ್ಪು ಉಳಿಸೋಕೆ. ನೀನು ಬಂದಾಗ ಇದು ಬದುಕಿರಬೇಕಿತ್ತು."

"ನಾನು ಬರದೇ ಇದ್ದಿದ್ರೆ?"

"ಮುಂದಿನ ವರ್ಷ ಮತ್ತೆ ಕಾಸ್ತಿದ್ದೆ."

ಅವಳು ಅವನ ತೋಳಿನ ಮೇಲಿದ್ದ ನೊರೆ ಒರೆಸಿದಳು.

"ಮೂರು ವರ್ಷದ ಹಿಂದೆ ಒಂದು ಮಾತು ಕೇಳಿದ್ಯಲ್ಲ... ಇನ್ನೊಂದ್ಸಲ ಕೇಳು."

"ಬೈತೀಯಾ?"

"ಬೈತೀನಿ. ಆದ್ರೆ ಬಿಟ್ಟು ಹೋಗಲ್ಲ."