ಒಂದೊಂದೇ ಚಮಚ ನೀರು

ಕುಡಿಯುತ್ತಿದ್ದ ಮಗುವಿನ ಬಾಯಿಂದ ಮಾಸ್ಕ್ ತೊಟ್ಟ ನರ್ಸ್ ತಂಬಿಗೆಯನ್ನೇ ಕಿತ್ತುಕೊಂಡ!

ಪ್ರಣಿತಾ ದಂಗಾಗಿ ನಿಂತಳು. ತೀರಿಹೋದ ಅಕ್ಕನ ಮಗು ನಂದಾ. ಒಂದೂವರೆ ವರ್ಷವಾದರೂ ಐದು ಕಿಲೋ ತೂಗದ ಕೂಸು. ಎರಡು ದಿನದ ಭೇದಿಯಿಂದ ಬಾಯಾರಿ, ಅವಳು ಕಲಸಿದ ಓಆರ್‌ಎಸ್ ನೀರನ್ನು ಗಟಗಟ ಕುಡಿಯುತ್ತಿತ್ತು. ಅವಳ ಊರು ಬೋರಾಮಣಿಯಲ್ಲಿ ಗುರುತಿಲ್ಲದವನು ಬಂದರೂ ಮೊದಲು ತಂಬಿಗೆ ತುಂಬ ನೀರು ಕೊಡುತ್ತಾರೆ. ಅಕ್ಕಲಕೋಟೆಯ ಈ ಆಸ್ಪತ್ರೆಯಲ್ಲಿ ಕೂಸಿನಿಂದಲೇ ಕಿತ್ತುಕೊಳ್ಳುತ್ತಾರೆಯೇ?

"ನೀವು ಮನುಷ್ಯಾರೇನ್ರಿ?"

"ಇಷ್ಟು ಸೊರಗಿದ ಕೂಸಿಗೆ ಒಮ್ಮೆಲೇ ಕೊಡಬಾರದ್ರಿ. ಉಪ್ಪು ಕಡಿಮಿ ಇರೋ ಈ ನೀರು ಕೊಡ್ರಿ. ಐದಾರು ಮಿನಿಟಿಗೊಂದು ಚಮಚಾ, ಅಷ್ಟ."

ನರ್ಸ್ ತಂಬಿಗೆ ಪಕ್ಕಕ್ಕಿಟ್ಟು, ಬಟ್ಟಲು, ಚಮಚ ಮುಂದಿಟ್ಟು ಮಾಸ್ಕ್ ಇಳಿಸಿದ. ಅಪ್ಪ ಫೋನಿನಲ್ಲಿ ತೋರಿಸಿದ್ದ ಮುಖ... ಐತವಾರ ತನ್ನನ್ನು ನೋಡಲು ಬರಬೇಕಿದ್ದ ವರ, ಶೈಲೇಶ!

ಅವನು ಪಕ್ಕದ ವಾರ್ಡಿಗೆ ಹೋಗುತ್ತಲೇ ಅವಳು ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ಐತವಾರದ ಮಂದಿಗೆ ಬರಬ್ಯಾಡ್ರಿ ಅಂತ ಹೇಳು. ಕೂಸಿನ ಬಾಯಾಗಿನ ನೀರು ಕಸಗೊಳ್ಳೋ ಮನಿಶಾನ ಸಂಗಾಟ ನಾ ಬಾಳಂಗಿಲ್ಲ."

ಫೋನಿಟ್ಟವಳೇ ತಂಬಿಗೆಯಲ್ಲಿ ಉಳಿದದ್ದನ್ನೆಲ್ಲ ಕುಡಿಸಿಬಿಟ್ಟಳು. ಹಟ ಅಂದರೆ ಹಟ, ಅದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಸ್ವಲ್ಪ ಹೊತ್ತಿಗೆ ನಂದಾಳ ರೆಪ್ಪೆಗಳು ಊದಿದವು. ಉಸಿರು ಏದುಸಿರಾಯಿತು. ಶೈಲೇಶ ಓಡಿಬಂದ.

"ಏನು ಕೊಟ್ರಿ?"

"ತಂಬಿಗಿ... ಪೂರಾ." ಅವಳು ಅವನ ತೋಳು ಹಿಡಿದಳು. "ಸಲೈನ್ ಹಚ್ಚರಿ, ಲಗೂನ..."

"ಅದು ಇನ್ನೂ ಭಾರ ಆಗತದ್ರಿ. ಸೊರಗಿದ ಕೂಸಿನ ಎದಿ ಅಷ್ಟು ನೀರು ತಡಕೊಳ್ಳಂಗಿಲ್ಲ. ಈಗ ಹನಿ ನೀರೂ ಬ್ಯಾಡ."

ಡಾಕ್ಟರ್ ಬಂದರು, ಆಕ್ಸಿಜನ್ ಹಚ್ಚಿದರು. ಪ್ರಣಿತಾ ಗೋಡೆಗೆ ಒರಗಿ ಕುಸಿದಳು. ಅಯ್ಯೋ, ನನ್ನ ಕೈಯಾರೆ...

ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ನಂದಾ ಕಣ್ಣು ಬಿಟ್ಟು ಅಳತೊಡಗಿದಳು. ಆ ಅಳು ಕೇಳಿ ಪ್ರಣಿತಾಳಿಗೂ ಅಳು ತಡೆಯಲಾಗಲಿಲ್ಲ. ಶೈಲೇಶ ಅವಳ ಕೈಗೆ ಚಮಚ ಕೊಟ್ಟ.

"ನೀವ ಕುಡಸ್ರಿ."

"ನನಗ ಬೈರಿ ಒಮ್ಮಿ. ಕೊಂದಬಿಡತಿದ್ದೆ ನಾ."

"ಕೂಸಿನ ಮ್ಯಾಲಿನ ಮಾಯಾದಿಂದ ಕೊಟ್ರಿ. ತಿಳಿಸಿ ಹೇಳೋದು ಬಿಟ್ಟು ಕಸಗೊಂಡೆ, ಅದು ನನ್ನ ತಪ್ಪು." ಅವನು ತಡೆದು ಹೇಳಿದ, "ನೀವು ಬಾಗಲಾಗ ಬಂದಾಗನ ಗುರ್ತ ಹಿಡದಿದ್ದೆ. ಫೋಟೋ ನೋಡಿದ್ದೆ."

ಅವಳು ಚಮಚವನ್ನು ನಂದಾಳ ತುಟಿಗೆ ಹಿಡಿದಳು. ಐತವಾರ ಮನೆಗೆ ಅವಳನ್ನು ನೋಡಲು ಯಾರೂ ಬರಲಿಲ್ಲ. ಬೇಡವೆಂದು ಹೇಳಿಸಿದವಳು ತಾನೇ ಅಲ್ಲವೇ?

ತಿಂಗಳಾದ ಮೇಲೆ ನಂದಾಳ ತೂಕ ನೋಡುವ ನೆವ ಮಾಡಿಕೊಂಡು ಶೈಲೇಶ ಬೋರಾಮಣಿಗೆ ಬಂದ. ಕೂಸು ಒಂದೂವರೆ ಕಿಲೋ ಏರಿತ್ತು. ಪ್ರಣಿತಾ ಒಳಗಿಂದ ಬಟ್ಟಲು, ಚಮಚ ಹಿಡಿದು ಬಂದಳು.

ಅಪ್ಪ ಭೀಮಶಾ ಗಾಬರಿಯಾದ. "ಇದೇನವ್ವಾ? ಬಂದವರಿಗೆ ಚಮಚಾಲೆ ನೀರು?"

"ತಂಬಿಗಿ ಕೊಟ್ಟರ ಕುಡದು ಹೊಂಟಬಿಡ್ತಾರಪ್ಪಾ."

ಶೈಲೇಶ ಅವಳನ್ನೇ ನೋಡಿದ. "ಐದಾರು ಮಿನಿಟಿಗೊಂದು ಚಮಚಾ ಅಂದರ ಭಾಳ ಹೊತ್ತು ಆಗತದ್ರಿ."

"ಆಗಲಿ," ಎಂದಳು ಪ್ರಣಿತಾ, ಚಮಚ ತುಂಬುತ್ತ. "ಜಲ್ಮ ಪೂರಾ ಹಿಡದರೂ ನಾ ಕುಡಸ್ತೀನಿ."