ಕ್ರೆಮೋನದಿಂದ ಬಂದ ಕರೆ

ಲೋರಿಸ್ ಜನರೀನಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಮಧ್ಯಾಹ್ನದ ಊಟದ ಮೇಜಿನಲ್ಲಿ, ಎಲ್ಲರೂ ತೊರ್ತೆಲ್ಲೀನಿ ಎಂಬ ಪುಟ್ಟ ಕಡುಬುಗಳ ಸಾರು ಕುಡಿಯುತ್ತಿದ್ದಾಗ. ಹಾಲು ಒಕ್ಕೂಟದ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥನಾಗುವವನು ಕ್ರೆಮೋನ ಶಾಖೆಯ ಫಿಯೊರೆಂಜೊ ಗಿಸೋಲ್ಫಿ ಎಂದು ನಿರ್ದೇಶಕಿ ಮಾರ್ಕೆಜೆಲ್ಲಿ ಹೇಳಿದರು. ಬೊಲೋನ್ಯದ ಕೇಂದ್ರ ಕಚೇರಿಯಲ್ಲಿ ಕೂದಲು ಉದುರುವವರೆಗೆ ದುಡಿದ ಲೋರಿಸ್ ಎದ್ದು ಕೈಕುಲುಕಿದ. ಗಿಸೋಲ್ಫಿ ಅವನ ಬೆನ್ನು ತಟ್ಟಿ, "ನೀನಿಲ್ದೆ ನಡೆಯುತ್ತೇನಪ್ಪಾ? ಬಾಗಿಲು ಕಾಯೋಕೆ ಒಬ್ರು ಬೇಕೇ ಬೇಕಲ್ಲ," ಅಂದ. ಎಲ್ಲರೂ ನಕ್ಕರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ, ಉರಿದದ್ದೂ ಅದಕ್ಕೇ. ಶಾಖೆಯ ಯಂತ್ರ ದೂರದಿಂದ ಕರೆದರೆ ಬೊಲೋನ್ಯದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತಾನಾಗಿ ಎದ್ದು, ಕೆಲಸ ಮುಗಿಸಿ ಮಲಗುತ್ತದೆ. ಯಾವ ಕರೆಗೆ ಯಾವ ಪ್ರೋಗ್ರಾಂ ಏಳಬೇಕು, ಯಾವ ಊರಿಗೆ ಓಗೊಡಬೇಕು, ಯಾರ ಹೆಸರನ್ನು ನಂಬಬೇಕು ಎಂದು ಹೊಂದಿಸುವವನು ಲೋರಿಸ್ ಒಬ್ಬನೇ. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗೆ ಉಳಿದದ್ದೂ ಇದೊಂದೇ. ಹೊಸ ವರ್ಷಕ್ಕೆ ಗಿಸೋಲ್ಫಿ ಈ ಕೆಲಸವನ್ನೆಲ್ಲ ಕ್ರೆಮೋನಕ್ಕೆ ಒಯ್ಯುತ್ತಾನೆ, ತನ್ನನ್ನು ಯಾವುದೋ ಗೋದಾಮಿಗೆ ತಳ್ಳುತ್ತಾರೆ. ಆಮೇಲೆ ಬೆಳಿಗ್ಗೆ ಏಳುವುದಾದರೂ ಯಾಕೆ ಎಂದು ಅವನಿಗೆ ತೋಚಲಿಲ್ಲ.

ಉಪಾಯ ಹೊಳೆದದ್ದು ತಾನೇ ಮಾಡಿದ ಒಂದು ಏರ್ಪಾಟಿನಿಂದ. ಶಾಖೆಯಲ್ಲಿ ಒಮ್ಮೆ ಗುರುತು ತೋರಿಸಿದವನನ್ನು ಕೇಂದ್ರ ಮತ್ತೆ ಕೇಳುವುದಿಲ್ಲ. ಕ್ರೆಮೋನದ ಯಂತ್ರ "ಇವರು ಗಿಸೋಲ್ಫಿ" ಎಂದರೆ ಸಾಕು, ಬೊಲೋನ್ಯ ನಂಬುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಬಿದ್ದಿದ್ದ ಸಣ್ಣ ಯಂತ್ರವೊಂದಕ್ಕೆ ಲೋರಿಸ್ ಕ್ರೆಮೋನದ ಹೆಸರನ್ನೇ ಇಟ್ಟ. ಗೋದಾಮಿನಲ್ಲಿ ಹದವಾಗುತ್ತಿರುವ, ಗಾಲಿಯಂಥ ಚೀಸ್ ಗಡ್ಡೆಗಳ ದಾಖಲೆಯನ್ನು ಅಳಿಸುವ ಪ್ರೋಗ್ರಾಮನ್ನು ದೂರದ ಕರೆಗೆ ಏಳುವಂತೆ ಹೊಂದಿಸಿದ. ದಾಖಲೆಯಿಲ್ಲದ ಚೀಸಿಗೆ ಗುಣಮಟ್ಟದ ಮುದ್ರೆ ಬೀಳುವುದಿಲ್ಲ, ಅದನ್ನು ಮಾರುವಂತಿಲ್ಲ. ಆದರೆ ದಾಖಲೆಯ ಹಿಂದಿನ ವಾರದ ನಕಲು ಟೇಪಿನಲ್ಲಿತ್ತು, ಹಾಗಾಗಿ ಚೀಸ್ ಉಳಿಯುತ್ತದೆ. ಹಾಳಾಗುವುದು ಒಬ್ಬ ಮನುಷ್ಯನ ಹೆಸರು ಮಾತ್ರ. ಇಷ್ಟು ಯೋಚಿಸಿದ್ದಕ್ಕೆ ತಾನು ಒಳ್ಳೆಯವನೇ ಎಂದೂ ಅವನಿಗೆ ಅನ್ನಿಸಿತು.

ದಿನವನ್ನೂ ಹಾಗೆಯೇ ಅಳೆದು ತೂಗಿ ಆರಿಸಿದ. ನೇಮಕಕ್ಕೆ ಸಹಿ ಬೀಳುವುದು ಶುಕ್ರವಾರ. ಬುಧವಾರ ಗಿಸೋಲ್ಫಿ ಎಲ್ಲಿಗೂ ಹೋಗದೆ ಕ್ರೆಮೋನದ ತನ್ನ ಕುರ್ಚಿಯಲ್ಲೇ ಕೂತಿರುತ್ತಾನೆ. ಹಾಗಾಗಿ ಬುಧವಾರ, ನವೆಂಬರ್ ಹದಿಮೂರು.

ಒಂದೇ ಹೆಸರಿನ ಎರಡು ಯಂತ್ರ ಒಟ್ಟಿಗೆ ಮಾತಾಡಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಕ್ರೆಮೋನದ ಲೈನನ್ನು ಸ್ವಲ್ಪ ಹೊತ್ತು ಕಡಿಯಬೇಕೆಂದಿದ್ದ. ಆ ಬೆಳಿಗ್ಗೆ ನೋಡಿದರೆ ಲೈನು ತಾನಾಗಿಯೇ ಸತ್ತುಬಿದ್ದಿತ್ತು. ಟೆಲಿಫೋನಿನವರ ಕೃಪೆ ಎಂದುಕೊಂಡ. ಅದೃಷ್ಟ ಅವನ ಕಡೆ ತಿರುಗಿ ನೋಡದೆ ಎಷ್ಟೋ ವರ್ಷವಾಗಿತ್ತು. ಕಾಫಿ ಮುಗಿಸಿ ಸಣ್ಣ ಯಂತ್ರದಿಂದ ಗಿಸೋಲ್ಫಿಯ ಹೆಸರಿನಲ್ಲಿ ಕರೆ ಕಳಿಸಿದ. ಪ್ರೋಗ್ರಾಂ ಎದ್ದಿತು, ಅಳಿಸಿತು, ಮಲಗಿತು. ಹೊಂದಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಸಣ್ಣ ಯಂತ್ರದ ಹೆಸರು ಬದಲಿಸಿ ಮೂಲೆಗೆ ತಳ್ಳಿದ.

ಮಧ್ಯಾಹ್ನ ಗಲಾಟೆಯೆದ್ದಿತು: ಚೀಸಿನ ದಾಖಲೆ ಮಾಯವಾಗಿತ್ತು, ಅಳಿಸಿದವನು ಕ್ರೆಮೋನದ ಗಿಸೋಲ್ಫಿ ಎಂದು ಮೇನ್‌ಫ್ರೇಮ್ ತೋರಿಸಿತು. ಮಾರ್ಕೆಜೆಲ್ಲಿಯವರು ಎಷ್ಟು ಫೋನ್ ಮಾಡಿದರೂ ಕ್ರೆಮೋನದಲ್ಲಿ ಯಾರೂ ಎತ್ತಲಿಲ್ಲ. ಲೋರಿಸ್ ಮುಖ ಸಪ್ಪಗೆ ಮಾಡಿಕೊಂಡು, "ನಾನಂತೂ ಅವನ ಮೇಲೆ ಹೇಳೋಕೆ ಹೋಗಲ್ಲ ಮೇಡಂ," ಎಂದ. ಅಷ್ಟು ಹೇಳಿದರೆ ಸಾಕಿತ್ತು. ಮರುದಿನ ಬೆಳಿಗ್ಗೆಯೇ ಗಿಸೋಲ್ಫಿ ಬಂದು ನಿಲ್ಲಬೇಕೆಂದು ಅವನ ಮನೆಗೆ ತಂತಿ ಹೋಯಿತು.

ಗಿಸೋಲ್ಫಿ ಬಂದ; ಮೇಡಂ ತಮ್ಮ ಕೋಣೆಗೆ ಲೋರಿಸನನ್ನೂ ಕರೆಸಿದ್ದರು. ಮೇಡಂ ಮುಂದಿಟ್ಟ ಹಾಳೆಯಲ್ಲಿ ತನ್ನ ಹೆಸರು, ಊರು, ತಾರೀಖು ನೋಡಿ ಬೆಪ್ಪಾದ. "ನಿನ್ನೆ ಸಂತ ಒಮೊಬೋನೊ ಹಬ್ಬ ಮೇಡಂ, ನಮ್ಮೂರ ಸಂತಂದು. ಕ್ರೆಮೋನಕ್ಕಷ್ಟೇ ರಜೆ. ಮಂಗಳವಾರ ಸಂಜೆನೇ ಯಂತ್ರದ ಕರೆಂಟ್ ತೆಗೆದು ಬೀಗ ಹಾಕಿ ಹೋಗಿದ್ವಿ." ಲೈನು ಸತ್ತುಬಿದ್ದದ್ದು ಯಾಕೆಂದು ಲೋರಿಸನಿಗೆ ಆಗ ಹೊಳೆಯಿತು. ಊರಿಗೊಬ್ಬ ಸಂತ, ಸಂತನಿಗೊಂದು ರಜೆ. ಹೋದ ತಿಂಗಳು ಬೊಲೋನ್ಯದ ಸಂತನ ದಿನ ಅವನೂ ಮನೆಯಲ್ಲಿ ಕಾಲು ಚಾಚಿ ಮಲಗಿದ್ದ. ಕರೆಂಟ್ ತೆಗೆದಿದ್ದ ಯಂತ್ರ ಕರೆದದ್ದು ಹೇಗೆ ಎಂದು ಮೇಡಂ ಕೇಳಿದರು. ಗಿಸೋಲ್ಫಿ ಒಂದಿಷ್ಟೂ ಕಲ್ಮಶವಿಲ್ಲದೆ, ನಂಬಿಕೆಯಿಂದ, ಲೋರಿಸನ ಭುಜದ ಮೇಲೆ ಕೈಯಿಟ್ಟು ಹೇಳಿದ: "ಅದನ್ನ ಇವನನ್ನೇ ಕೇಳಿ. ಹಾಗೆ ಮಾಡೋಕೆ ಬರೋನು ಇಡೀ ಒಕ್ಕೂಟದಲ್ಲಿ ಇವನೊಬ್ಬನೇ."