ನವಾಬನ ಇಫ್ತಾರ್

"ಮುಚ್ಚಳ ಯಾಕ ಹಾಕೀರಿ? ಮೊದಲು ತಗೀರಿ."

ಶಹಾಪುರದ ಸಾಕುಮೀನಿನ ಅಂಗಡಿಯ ಅಸದ ಆಡಿದ ಮೊದಲ ಮಾತೇ ಬೈಗುಳದಂತಿತ್ತು. ಸುರಪುರದಿಂದ ಬಸ್ಸಿನಲ್ಲಿ ಸ್ಟೀಲ್ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದ ಹುಮೇರಾಳ ಮುಖ ಕೆಂಪಾಯಿತು.

"ನೀರು ತುಳುಕ್ತದಂತ ಹಾಕೇನ್ರಿ."

"ನೀರು ತುಳುಕಿದ್ರ ಒರಸಬಹುದು. ಉಸಿರು ಕಟ್ಟಿದ್ರ?"

ಅವನೇ ಮುಚ್ಚಳ ತೆಗೆದ. ಕಿತ್ತಳೆ ಬಣ್ಣದ ದುಂಡು ಗೋಲ್ಡ್‌ಫಿಶ್ ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ಒಂದು ಕಣ್ಣಿಗೆ ಮಂಜು ಕವಿದಿತ್ತು.

"ವಯಸ್ಸೆಷ್ಟು?"

"ನಂದಾ?"

"ಮೀನಿಂದು ಕೇಳೇನಿ."

"ಒಂಬತ್ತು. ನವಾಬ ಅಂತ ಹೆಸರು. ಇದನ್ನ ಬಿಟ್ಟು ಹೊಸದು ಒಯ್ರಿ ಅಂತ ಮಾತ್ರ ಹೇಳಬ್ಯಾಡ್ರಿ."

ಅಸದ ಆಗ ತಲೆಯೆತ್ತಿದ. ಅವಳ ಕಣ್ಣಲ್ಲಿ ಜಗಳವೂ ಇತ್ತು, ನೀರೂ ಇತ್ತು.

ನವಾಬನನ್ನು ಮನೆಗೆ ತಂದವರು ಅವಳ ಅಬ್ಬಾ ಸುಲ್ತಾನಸಾಬ. ಅವರು ತೀರಿಕೊಂಡು ಎರಡು ವರ್ಷ. ಈಗ ಮನೆಯಲ್ಲಿ ಅಜ್ಜಿ ಖಾಸಿಂಬೀ, ಹೊಲಿಗೆ ಯಂತ್ರದ ಮುಂದೆ ಹುಮೇರಾ, ಮತ್ತು ಅಬ್ಬಾನ ಕೈಯಿಂದ ಉಂಡ ಈ ಮೀನು. ಇದೂ ಹೋದರೆ...

ಅಸದ ಮೀನನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನ ದನಿ ಮೆತ್ತಗಾಯಿತು.

"ಹೊಟ್ಟಿ ಕಟ್ಟ್ಯದ. ಒಳಗಿನ ಗಾಳಿ ಚೀಲ ಒತ್ತಿ ತೋಲ ತಪ್ಪ್ಯದ. ವಯಸ್ಸಾದ ದುಂಡು ಮೀನಿಗೆ ಹಿಂಗಾಗ್ತದ್ರಿ. ಮೂರು ದಿನ ಏನೂ ಹಾಕಬ್ಯಾಡ್ರಿ. ನಾಲ್ಕನೇ ದಿನ ಹಸಿ ಬಟಾಣಿ ಕುದಿಸಿ, ಸಿಪ್ಪಿ ತಗದು ಚೂರೇ ಚೂರು ಕೊಡ್ರಿ. ತೊಟ್ಟಿ ನೀರು ಗೇಣಿನಷ್ಟಕ್ಕ ಇಳಿಸ್ರಿ. ಮುದುಕರಿಗೆ ಮಾಳಿಗಿ ಹತ್ತೂದು ಕಷ್ಟ."

"ಕಣ್ಣು?"

"ಅದು ವಯಸ್ಸಿಂದು. ಚೂಪು ಕಲ್ಲು ತಗದುಬಿಡ್ರಿ, ಕಾಣದ ಬಡಿಸ್ಕೊತದ. ಗುಣ ಆಗ್ತದಂತ ಮಾತು ಕೊಡಂಗಿಲ್ಲ. ಆದ್ರ ದಿನಾ ಫೋನ್ ಮಾಡಿ ಕೇಳ್ತೀನಿ."

ಹೇಳಿದಂತೆ ಕೇಳಿದ. ಮರುದಿನ ಅವನ ಫೋನು ಬಂದಾಗ ಹುಮೇರಾ ಮೀನಿನ ಸುದ್ದಿಯಷ್ಟನ್ನೇ ಹೇಳಿದಳು. ಖಾಸಿಂಬೀ ಮಾತ್ರ ಗಾಜಿನ ತೊಟ್ಟಿಯ ಮುಂದೆ ಕೂತು ಗೊಣಗುತ್ತಿದ್ದಳು. "ರಂಜಾನ್ ತಿಂಗಳು. ನಾವೂ ಉಪವಾಸ, ಇದೂ ಉಪವಾಸ. ಪಾಪ."

ಎರಡನೇ ದಿನ ನವಾಬ ಪೂರ್ತಿ ಮಗುಚಿ ತೇಲಿದ. ಹೊಟ್ಟೆ ಇನ್ನಷ್ಟು ಉಬ್ಬಿತ್ತು. ಹಬ್ಬದ ಅಂಗಿಗೆ ಹುಮೇರಾ ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು. ಕೊನೆಗೆ ಫೋನೆತ್ತಿದಳು.

"ನಿಮ್ಮ ಮಾತು ಕೇಳಿ ನವಾಬ ಸಾಯಾಕತ್ತಾನ. ಹಳೇದು ಹೋದ್ರ ಹೊಸದು ಮಾರಬಹುದಲ್ಲ, ಅದಕ್ಕ ಹಿಂಗ ಹೇಳೀರಿ."



"ಹೊಟ್ಟಿ ಉಬ್ಬಬಾರದಿತ್ತು," ಎಂದ ಅಸದ ಮೆಲ್ಲಗೆ. "ಏನರ ಹಾಕೀರೇನು?"

"ತಪ್ಪು ನಮ್ಮ ಮ್ಯಾಲೇ ಹಾಕ್ತೀರಾ? ಇನ್ನ ಫೋನ್ ಮಾಡಬ್ಯಾಡ್ರಿ."

ಅವನು ಮಾಡಲಿಲ್ಲ. ಮೂರನೇ ದಿನ ಹುಮೇರಾ ತೊಟ್ಟಿಯ ಹತ್ತಿರ ಹೋಗುವಳು, ಬರುವಳು, ಫೋನು ನೋಡುವಳು. 'ನಾ ಮೀನಿಗಾಗಿ ತಳಮಳಿಸ್ತೇನೋ, ಆ ಮೌನಕ್ಕಾಗಿಯೋ...'

ಸಂಜೆ ಅಜಾನ್ ಕೇಳಿತು. ಅಡುಗೆಮನೆಯಿಂದ ಶರಬತ್ತು ಹಿಡಿದು ಬಂದವಳು ಅಲ್ಲೇ ನಿಂತಳು. ಖಾಸಿಂಬೀ ಖರ್ಜೂರ ಚಿವುಟಿ ತೊಟ್ಟಿಗೆ ಹಾಕುತ್ತಿದ್ದಳು.

"ದಾದೀಮಾ, ಏನು ಮಾಡಾಕತ್ತೀ?"

"ಇಫ್ತಾರ್ ಮಾಡಸಾಕತ್ತೇನಿ. ಹಗಲೆಲ್ಲಾ ಹಸಿಸಿಟ್ಟಿ, ನಾ ಅಡ್ಡ ಬಂದೆನೇನು? ಅಜಾನ್ ಆದ ಮ್ಯಾಲೂ ಈ ಮನ್ಯಾಗ ಒಂದು ಜೀವ ಹಸ್ಕೊಂಡಿದ್ರ, ನಿಮ್ಮ ಅಬ್ಬಾಗ ನಾ ಏನು ಜವಾಬ್ ಕೊಡ್ಲಿ?"

"ಮೂರು ದಿನಾನೂ ಹಾಕೀಯೇನು?"

"ಮೂರೂ ದಿನ. ಮೊದಲ ದಿನ ರೊಟ್ಟಿ. ನಿನ್ನೆ ಒಂದು ಚೂರು ಭಜಿ."

ಹುಮೇರಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಸದನ ನಂಬರು ಒತ್ತಿದಳು. ರಿಂಗಣ ಕೇಳಿದ್ದು ಬಾಗಿಲಾಚೆ!

ಅಸದ ಹೊಸ್ತಿಲ ಹೊರಗೆ ಬೈಕಿನ ಧೂಳಲ್ಲಿ ನಿಂತಿದ್ದ. ಕೈಯಲ್ಲಿ ಸಣ್ಣ ಬಲೆ.

"ಫೋನ್ ಮಾಡಬ್ಯಾಡ್ರಿ ಅಂದಿದ್ರಿ. ಬರಬ್ಯಾಡ್ರಿ ಅಂದಿರಲಿಲ್ಲ. ಸುರಪುರದಾಗ ಕೇಳ್ಕೋತ ಬಂದೆ, ಮೀನಿನ ಮನಿ ಅಂತ ತೋರಿಸಿದ್ರು."

"ತಪ್ಪು ನಂದ್ರಿ," ಎಂದಳು ಹುಮೇರಾ. ಬಾಗಿಲಿನಿಂದ ಸರಿದು ತೊಟ್ಟಿ ತೋರಿಸಿದಳು.

ನೀರಲ್ಲಿ ಕರಗುತ್ತಿದ್ದ ಖರ್ಜೂರ ನೋಡಿ ಅವನಿಗೆ ಎಲ್ಲ ತಿಳಿಯಿತು. "ತಪ್ಪು ನಂದೂ ಅದ. ರಂಜಾನ್‌ದಾಗ ಮದ್ದು ಹೇಳೋದಾದ್ರ ದಾದೀಮಾಗೂ ಹೇಳಬೇಕಿತ್ತು."

ತೋಳು ಮಡಚಿ ಚೂರುಗಳನ್ನೆಲ್ಲ ಬಲೆಯಿಂದ ತೆಗೆದ. ಕಾಲು ಭಾಗ ನೀರು ಚೆಲ್ಲಿ, ಹುಮೇರಾ ನಿನ್ನೆಯೇ ಹಿಡಿದಿಟ್ಟಿದ್ದ ನೀರನ್ನು ಮೆಲ್ಲಗೆ ಸುರಿದ. ಖಾಸಿಂಬೀ ಅವನ ಒಣಗಿದ ತುಟಿ ನೋಡಿದಳು.

"ನೀ ರೋಜಾ ಬಿಟ್ಟಿಯೇನಪಾ?"

"ಇಲ್ಲ ದಾದೀಮಾ. ದಾರ್ಯಾಗೇ ಅಜಾನ್ ಆತು. ಮೊದಲು ಮೀನು ನೋಡೋಣಂತ..."

ಮುದುಕಿ ಕೈಯಲ್ಲಿ ಉಳಿದಿದ್ದ ಖರ್ಜೂರ ಎತ್ತಿ ಹಿಡಿದು ಮೊಮ್ಮಗಳತ್ತ ತಿರುಗಿದಳು. "ಇವಂಗರ ಹಾಕಬಹುದೋ, ಇವಂಗೂ ಮೂರು ದಿನ ಉಪವಾಸೋ?"

ಹುಮೇರಾ ತಲೆತಗ್ಗಿಸಿ ಶರಬತ್ತಿನ ಲೋಟ ಮುಂದೆ ಚಾಚಿದಳು.

ನವಾಬನ ಉಪವಾಸ ಮತ್ತೆ ಮೊದಲಿನಿಂದ ಶುರುವಾಯಿತು. ಅಜ್ಜಿಯನ್ನು ಕಾಯುವ ನೆಪದಲ್ಲಿ ಅಸದ ದಿನಾ ಇಫ್ತಾರಿಗೆ ಬಂದ. ನಾಲ್ಕನೇ ದಿನ ನವಾಬ ಬಟಾಣಿಯ ಚೂರು ತಿಂದ. ಹಬ್ಬದ ಹೊತ್ತಿಗೆ ಗೇಣುದ್ದದ ನೀರಿನಲ್ಲಿ ನಿಧಾನವಾಗಿ, ನೆಟ್ಟಗೆ ಈಜುತ್ತಿದ್ದ. ಕಣ್ಣಿನ ಮಂಜು ಮಾತ್ರ ಹಾಗೇ ಇತ್ತು.

ಹಬ್ಬದ ದಿನ ಹಾಲು-ಶಾವಿಗೆಯ ಸುರಕುಂಬಾ ಕುಡಿದು ಎದ್ದ ಅಸದ ತೊಟ್ಟಿಯ ಮುಂದೆಯೇ ನಿಂತ.

"ಇನ್ನ ನಾ ಬರೋ ಕೆಲಸ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದ್ರ ಸಾಕು."

"ಇವನು ಇನ್ನೆಷ್ಟು ದಿನ ಇರ್ತಾನ?"

"ವರ್ಷಾನೋ, ಎರಡು ವರ್ಷಾನೋ. ಸುಳ್ಳು ಹೇಳಂಗಿಲ್ಲ."

"ಆಮ್ಯಾಲೆ?"

"ಆಮ್ಯಾಲೆ... ನೀವು ಒಬ್ಬರೇ ಕುಂತು ಅಳಬಾರದು ಅಂತ ನನಗನಸ್ತದ." ಅವನ ಕಣ್ಣು ಮೀನಿನ ಮೇಲೇ ಇತ್ತು. "ನಾಳೆ ನಮ್ಮ ಅಮ್ಮೀನ ಕರಕೊಂಡು ಬರ್ಲೇನು? ದಾದೀಮಾನ ಕೂಡ ಮಾತಾಡಾಕ?"

ನವಾಬ ಗಾಜಿನ ಹತ್ತಿರ ಬಂದು ನಿಂತ. ಹುಮೇರಾ ಮೀನಿನ ಎದುರು ಗಾಜಿಗೆ ಬೆರಳಿಟ್ಟಳು.

"ಬರ್ರಿ. ಹಸ್ಕೊಂಡು ಬರ್ರಿ," ಎಂದಳು. "ನಿಮಗ್ಯಾರೂ ಉಪವಾಸ ಹೇಳಿಲ್ಲ."